ಅತ್ತೆಗೆ ಕುಡಿಸಿದ ಕೋಳಿ ಸಾರು

ನನ್ನ ಅತ್ತೆಗೆ ಕೋಳಿ ಸಾರು ಕುಡಿಸಿದವಳು ನಾನೇ. ಇಷ್ಟು ವರ್ಷ ಮದುವೆ ಮನೆಯಲ್ಲಿ, ತಿಥಿ ಮನೆಯಲ್ಲಿ ನನ್ನ ಬೆನ್ನ ಹಿಂದೆ ಇದನ್ನು ಪಿಸುಗುಟ್ಟಿದವರು ಇನ್ನು ಮೇಲೆ ಗಂಟಲು ನೋಯಿಸಿಕೊಳ್ಳುವುದು ಬೇಡ. ನಾನೇ ಬರೆದಿದ್ದೇನೆ, ಓದಿಕೊಳ್ಳಲಿ. ಅಕ್ಷರ ಬಾರದವರು ಮೊಮ್ಮಕ್ಕಳ ಕೈಲಿ ಓದಿಸಿ ಕೇಳಲಿ.

ನಮ್ಮವರು ಕುರಿ ತಿನ್ನುತ್ತಾರೆ, ಮೇಕೆ ತಿನ್ನುತ್ತಾರೆ, ಮೊಲ ಸಿಕ್ಕರೆ ಬಿಡುವುದಿಲ್ಲ. ಕೋಳಿ ಮಾತ್ರ ಮುಟ್ಟುವುದಿಲ್ಲ. ಮೊಳಕಾಲ್ಮೂರು ಕಡೆಯ ನಮ್ಮ ಹಟ್ಟಿಯಲ್ಲಿ ನಾನು ಒಂದು ದಿನವೂ ಹುಂಜ ಕೂಗಿದ್ದು ಕೇಳಿಲ್ಲ. ಯಾಕೆ ಎಂದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ತಿಂದವರನ್ನು ಹಟ್ಟಿಯ ಮುಳ್ಳುಬೇಲಿಯಿಂದ ಒಳಗೆ ಬಿಡುವುದಿಲ್ಲ. ಬಿಡಬೇಕಾದರೆ ಚೂರು ಚಿನ್ನ ಕಾಸಿ ಅವರ ನಾಲಿಗೆಗೆ ಮುಟ್ಟಿಸಬೇಕು. ಚುರ್ ಎಂದರೆ ಶುದ್ಧವಾಯಿತು. ಆಮೇಲೆ ಎಲ್ಲರ ಜೊತೆ ಕೂತು ಉಣ್ಣಬಹುದು.

ಈ ಕಟ್ಟನ್ನು ನನ್ನ ಅತ್ತೆಯಷ್ಟು ಬಿಗಿಯಾಗಿ ಹಿಡಿದವರು ಇರಲಿಲ್ಲ. ತನ್ನ ಒಡಹುಟ್ಟಿದ ತಮ್ಮ ಯಾವುದೋ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಕೋಳಿ ತಿಂದು ಬಂದಾಗ ಅವನನ್ನು ಬೇಲಿಯ ಹೊರಗೆ ಕೂರಿಸಿದ್ದಳು. ಹಬ್ಬದ ದಿನ. ಬಾಯಾರಿದೆ ಎಂದರೆ ಎತ್ತರದಿಂದ ಬೊಗಸೆಗೆ ನೀರು ಸುರಿದಳು. ಅವನ ನಾಲಿಗೆ ಸುಟ್ಟ ಮೇಲೆ ತಾನೇ ಕೈ ಹಿಡಿದು ಒಳಗೆ ಕರೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಂಡು ಉಣಿಸಿದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಕೆಯನ್ನು ಸಾಧು ಹೆಂಗಸು ಮಾಡಿ ತೋರಿಸುವುದು ನನಗೆ ಬೇಕಿಲ್ಲ. ನನ್ನನ್ನೂ ಆಕೆ ಬಹಳ ಗೋಳು ಹೊಯ್ದುಕೊಂಡಿದ್ದಾಳೆ.

ಮಾವ ತೀರಿದ ಮೇಲೆ ಆಕೆ ನಮ್ಮ ಜೊತೆ ಚಳ್ಳಕೆರೆಗೆ ಬಂದಳು. ನನ್ನ ಗಂಡ ಮಾರುಕಟ್ಟೆಯಲ್ಲಿ ಹಮಾಲಿ. ನಾನು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡಲು ಹೋಗುತ್ತಿದ್ದೆ. ಬಾಡಿಗೆಯ ಎರಡು ಕೋಣೆ, ಮುಂದೆ ಓಣಿ, ಓಣಿ ದಾಟಿದರೆ ಲಾರಿ ಓಡುವ ರಸ್ತೆ. ಇಸವಿ ಎರಡು ಸಾವಿರ ಬರುವುದಕ್ಕೆ ಸ್ವಲ್ಪ ಮುಂಚಿನ ಮಾತು.

ಮೊದಮೊದಲು ಸಾರಿಗೆ ಉಪ್ಪು ಹಾಕಿ, ತಿರುಗಿ ನೋಡಿ, ಮತ್ತೆ ಹಾಕುತ್ತಿದ್ದಳು. ನನ್ನ ಮೇಲಿನ ಸಿಟ್ಟಿಗೆ ಮಾಡುತ್ತಾಳೆ ಎಂದುಕೊಂಡೆ. ಆಮೇಲೆ ಒಂದು ದಿನ ಮಿಲ್ಲಿನಿಂದ ಬರುತ್ತಿದ್ದೇನೆ, ರಸ್ತೆಯ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು ಲಾರಿಗಳನ್ನು ಹೇ ಹೇ ಎಂದು ಹಿಂದಕ್ಕೆ ಹೊಡೆಯುತ್ತಿದ್ದಾಳೆ. ಹಿಂಡು ಹೊಲಕ್ಕೆ ನುಗ್ಗುತ್ತಿದೆಯಂತೆ. ಡ್ರೈವರುಗಳು ಇಳಿದು ನಗುತ್ತಿದ್ದರು. ಒಬ್ಬ, "ಅಜ್ಜಿ, ನನ್ ಟಗರು ಐತಲ್ಲ, ಅದುಕ್ಕೆ ಡೀಸೆಲ್ ಬೇಕು" ಎಂದ. ನಾನು ಅವನಿಗೆ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಅತ್ತೆಯ ತವರು ಗಡಿಯಾಚೆ, ಆಂಧ್ರದಲ್ಲಿ. ಹುಟ್ಟು ಮಾತು ತೆಲುಗು. ಕನ್ನಡ ಕಲಿತದ್ದು ಮದುವೆಯಾಗಿ ಹಟ್ಟಿಗೆ ಬಂದ ಮೇಲೆ. ಈಗ ಕಲಿತದ್ದು ಮೊದಲು ಹೋಯಿತು. ಮಗನನ್ನು ಮಾವ ಎಂದು ಕರೆದು ಮುಸುಕು ಹಾಕಿಕೊಂಡಳು. ನನ್ನನ್ನು ಯಾರೋ ಕೂಲಿಯವಳು ಎಂದುಕೊಂಡಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಕೊನೆಗೆ ಒಂದೇ ಮಾತು ಉಳಿಯಿತು: "ಇಂಟಿಕಿ ಪೋತಾ." ಮನೆಗೆ ಹೋಗ್ತೀನಿ. ಬೆಳಗ್ಗೆ ಎದ್ದರೆ ಅದೇ, ಮೈ ತೊಳೆಸಿದರೆ ಅದೇ, ಮಲಗಿಸಿದರೆ ಅದೇ.

ಊರಿನವರು ಬಂದರು. ಒಬ್ಬಳು ಗಾಳಿ ಎಂದಳು, ಒಬ್ಬಳು ಅರಳುಮರಳು ಎಂದಳು. ಇನ್ನೊಬ್ಬಳು ನನ್ನ ಮುಖ ನೋಡಿಕೊಂಡೇ, ಸೊಸೆ ಸರಿಯಾಗಿ ನೋಡಿಕೊಳ್ಳದಿದ್ದರೆ ಮುದುಕರಿಗೆ ಹೀಗೇ ತಲೆ ಕೆಡುತ್ತದೆ ಎಂದಳು. ಚಹಾ ಕುಡಿದು ಹೋದರು. ಲೋಟ ತೊಳೆದವಳು ನಾನು. ಹೇಲು ಉಚ್ಚೆ ಬಟ್ಟೆ ಒಗೆದವಳೂ ನಾನು.

ಉಣ್ಣುವುದು ಬಿಟ್ಟಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಾವ ಆಸ್ಪತ್ರೆ ಎಂಬುದು ಬೇಡ. ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದ.

"ಎಷ್ಟು ವಯಸ್ಸು?"

"ಬರೆದಿಟ್ಟೋರು ಯಾರೂ ಇಲ್ಲ ಸಾರ್."

"ವಯಸ್ಸಾದ್ಮೇಲೆ ಎಲ್ಲರಿಗೂ ಹಿಂಗೇ ಕಣಮ್ಮ. ಬಾಟ್ಲಿ ಹಾಕ್ತೀವಿ, ಶಕ್ತಿ ಬರುತ್ತೆ."

ಬಾಟ್ಲಿ ಹಾಕಿದರು. ಅತ್ತೆ ಸೂಜಿ ಕಿತ್ತಳು. ಮತ್ತೆ ಹಾಕಿ, ಕಿತ್ತರೆ ಎಂದು ಆಕೆಯ ಎರಡೂ ಕೈಯನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದರು. ಕಟ್ಟಿದ ಕೈಯನ್ನು ನೋಡಿಕೊಂಡು ಇಂಟಿಕಿ ಪೋತಾ ಎಂದು ಅಳುವುದಕ್ಕೆ ಶುರು ಮಾಡಿದಳು. ಕುರಿಯ ಕಾಲನ್ನು ಕೂಡ ನಾವು ಹಾಗೆ ಕಟ್ಟುವುದು ಕೊಯ್ಯುವಾಗ ಮಾತ್ರ. ನಾನೇ ಬಿಚ್ಚಿದೆ. ನರ್ಸು ಕೂಗಾಡಿದಳು, ನಾನೂ ಕೂಗಾಡಿದೆ, ಮನೆಗೆ ಬಂದೆವು.

ಈ ಮರೆವು ಒಂದು ಕಾಯಿಲೆ, ಇದಕ್ಕೆ ಒಂದು ಕೊನೆ ಇದೆ, ಆ ಕೊನೆಯಲ್ಲಿ ಉಣ್ಣುವುದು, ನುಂಗುವುದು ಕೂಡ ಮರೆತುಹೋಗುತ್ತದೆ, ಆಗ ಹೀಗೆ ಹೀಗೆ ನೋಡಿಕೊಳ್ಳಬೇಕು. ಇಷ್ಟು ಹೇಳುವುದಕ್ಕೆ ಆ ಮಹಾರಾಯನಿಗೆ ಎಷ್ಟು ಹೊತ್ತು ಬೇಕಿತ್ತು? ನನಗೆ ಇದು ತಿಳಿದದ್ದು ಬಹಳ ಕಾಲದ ಮೇಲೆ, ಯಾರೋ ಬಸ್ಸಿನಲ್ಲಿ ಪಕ್ಕ ಕೂತವಳ ಬಾಯಿಂದ. ಅಲ್ಲಿಯವರೆಗೆ ನನ್ನ ಕೈಯ ಅನ್ನದಲ್ಲೇ ಏನೋ ಐಬಿದೆ ಎಂದುಕೊಂಡಿದ್ದೆ.

ಪಕ್ಕದ ಮನೆಯವರು ಮುಸ್ಲಿಮರು. ಗಂಡ ಟೆಂಪೊ, ಲಾರಿ ರಿಪೇರಿ ಮಾಡುವವನು. ಹೆಂಡತಿ ನನಗಿಂತ ಚಿಕ್ಕವಳು, ಮನೆಯಲ್ಲಿ ಉರ್ದು, ನನ್ನ ಹತ್ತಿರ ಕನ್ನಡ. ನಾನು ಮಿಲ್ಲಿಗೆ ಹೋದಾಗ ಅತ್ತೆಯನ್ನು ನೋಡಿಕೊಳ್ಳುತ್ತಿದ್ದಳು. ನಾನು ಕೇಳಿರಲಿಲ್ಲ, ತಾನೇ ಬಂದಳು.

"ನಮ್ಮ ಸಾಸ್, ನಮ್ಮತ್ತೆ, ಅವ್ರೂ ಹಿಂಗೇ ಆಗಿದ್ರು ಅಕ್ಕಾ. ಮಲಗ್ಸಿ ಬಾಯಿಗೆ ಹಾಕ್ಬ್ಯಾಡ, ನೆತ್ತಿಗೆ ಹೋಗುತ್ತೆ. ಕುಂದ್ರುಸ್ಕೊಂಡು ಚಿಕ್ಕ ಚಮಚದಾಗೆ ಕೊಡು. ನುಂಗಿದ್ಮ್ಯಾಲೆ ಇನ್ನೊಂದು. ಜಲ್ದಿ ಮಾಡ್ಬ್ಯಾಡ."

ಒಂದು ಸಂಜೆ ಬಂದು ನೋಡುತ್ತೇನೆ, ಅತ್ತೆ ಗೋಡೆಗೆ ಒರಗಿ ಕೂತಿದ್ದಾಳೆ, ಇವಳು ಚಮಚ ಹಿಡಿದಿದ್ದಾಳೆ. ಅತ್ತೆ ಮರಿಹಕ್ಕಿಯ ಹಾಗೆ ಬಾಯಿ ತೆರೆಯುತ್ತಾಳೆ, ನುಂಗುತ್ತಾಳೆ, ತುಟಿ ನೆಕ್ಕಿಕೊಂಡು ಮತ್ತೆ ತೆರೆಯುತ್ತಾಳೆ. ಎಷ್ಟೋ ದಿನದಿಂದ ನನ್ನ ಅಂಬಲಿಗೆ, ಹಾಲಿಗೆ ಹಲ್ಲು ಕಚ್ಚಿದ್ದ ಬಾಯಿ ಅದು.

"ಏನ್ ಕೊಟ್ಟೆ?"

"ಕೋಳಿ ಸಾರು. ಖಾರ ಹಾಕಿಲ್ಲ, ಮೆಣಸು ಒಂದ್ಚೂರು."

ನಾನು ಬಗ್ಗಿ ಬಟ್ಟಲಿನೊಳಗೆ ನೋಡಿದೆ. ಅವಳಿಗೆ ಏನೋ ಅನುಮಾನ ಬಂತು.

"ಯಾಕಕ್ಕಾ? ನೀವು ಮಾಂಸ ತಿಂತೀರಲ್ಲ? ಮೊನ್ನೆ ಕುರಿ ತಂದಿದ್ರಲ್ಲ?"

"ಕುರಿ ತಿಂತೀವಿ. ಕೋಳಿ ತಿನ್ನಲ್ಲ. ತಿಂದ್ರೆ ಹಟ್ಟಿಯಿಂದ ಹೊರುಗೆ."

ಅವಳು ಚಮಚ ಬಟ್ಟಲಿಗೆ ಬಿಟ್ಟಳು. "ಯಾ ಅಲ್ಲಾ, ನಂಗೊತ್ತಿರ್ಲಿಲ್ಲ ಅಕ್ಕಾ. ಅಜ್ಜಿ ಜಾತಿ ಕೆಡ್ಸಿಬಿಟ್ನಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಅತ್ತೆ ಮತ್ತೆ ಬಾಯಿ ತೆರೆದಳು. ಚಮಚ ಯಾಕೆ ಬರಲಿಲ್ಲ ಎಂದು ನನ್ನ ಮುಖ ನೋಡಿದಳು.

"ಅಳಬ್ಯಾಡ. ಆರೋಗ್ತೈತೆ, ಕೊಡು" ಎಂದೆ. "ನಾಳೆ ಮತ್ತೆ ಮಾಡ್ತೀಯಾ?"

ಕುರಿ ಸಾರು ಮಾಡಿ ಕೊಡಬೇಕಿತ್ತು ಎಂದು ಬುದ್ಧಿ ಹೇಳುವವರಿಗೆ: ಮಾಡಿದೆ. ಮರುದಿನವೇ ಮಾಡಿದೆ, ಉಗುಳಿದಳು. ಬೇಳೆ ಕಟ್ಟು ಕೊಟ್ಟೆ, ಉಗುಳಿದಳು. ಆಕೆಗೆ ಅದೇ ಬೇಕಿತ್ತು. ಜೀವಮಾನದಲ್ಲಿ ತಿನ್ನದ್ದಕ್ಕೆ ಸಾಯುವಾಗ ನಾಲಿಗೆ ಯಾಕೆ ಹೋಯಿತೋ ನನಗೆ ಗೊತ್ತಿಲ್ಲ. ಗಂಡನಿಗೆ ಹೇಳಿದೆ. ಅವನು ಬೀಡಿ ಹಚ್ಚಿಕೊಂಡು, "ನೀನು ಹೇಳಿಲ್ಲ, ನಾನು ಕೇಳಿಲ್ಲ" ಎಂದು ಹೊರಗೆ ಹೋದ. ಗಂಡಸರ ಧೈರ್ಯ ಅಷ್ಟೇ.

ಹಾಗೆ ಆ ಬೇಸಿಗೆ ಕಳೆಯಿತು. ಅತ್ತೆಯ ಕೆನ್ನೆಯಲ್ಲಿ ಸ್ವಲ್ಪ ಜೀವ ಬಂದಿತ್ತು. ಅಷ್ಟರಲ್ಲಿ ನಾದಿನಿ ಬಂದಳು. ಅವಳನ್ನು ಕೊಟ್ಟದ್ದು ಅದೇ ಹಟ್ಟಿಯಲ್ಲಿ, ಸೋದರತ್ತೆಯ ಮಗನಿಗೆ. ಅವ್ವನಿಗೆ ಹೀಗಾದ ಮೇಲೆ ನೋಡಲು ಬಂದದ್ದು ಅದೇ ಮೊದಲು. ಬಂದವಳೇ ತಬ್ಬಿಕೊಂಡು ಅಳುವುದಕ್ಕೆ ಬಗ್ಗಿದಳು, ತಟ್ಟನೆ ಹಿಂದಕ್ಕೆ ಸರಿದಳು. ಹುಟ್ಟಿದಾಗಿನಿಂದ ಆ ವಾಸನೆ ಬರದ ಮನೆಯಲ್ಲಿ ಬೆಳೆದವರ ಮೂಗು ಅದನ್ನು ಬಾಗಿಲಲ್ಲೇ ಹಿಡಿಯುತ್ತದೆ.

"ಅತ್ಗೆ, ಅವ್ವನ ಬಾಯಾಗೆ ಏನದು ವಾಸ್ನೆ?"

"ಕೋಳಿ ಸಾರು."

ನಾನು ಸುಳ್ಳು ಹೇಳುತ್ತೇನೆ ಎಂದುಕೊಂಡಿದ್ದಳೇನೋ. ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡಳು. ಆಮೇಲೆ ತೆರೆದದ್ದು ಮುಚ್ಚಲಿಲ್ಲ.

"ಕೋಳಿ ತಿನ್ನೋರ ಮನೆ ನೀರು ಸಮೇತ ಮುಟ್ತಿರ್ಲಿಲ್ವಲ್ಲೇ ನಮ್ಮವ್ವ! ಸ್ವಂತ ತಮ್ಮನ್ನ ಬೇಲಿ ಹೊರುಗೆ ಕುಂದ್ರುಸಿದ್ ದೇವ್ರಂತೋಳಿಗೆ! ಬುದ್ಧಿ ಇಲ್ದ ಹೊತ್ನಾಗೆ ಬಾಯಿಗೆ ತುರುಕಿ ಸೇಡು ತೀರಿಸ್ಕಂಡ್ಯಾ?"

"ನೀನು ಬಂದು ಅಂಬಲಿ ಕುಡುಸ್ಬೋದಾಗಿತ್ತು. ಬಾಗ್ಲು ತಕ್ಕಂಡೇ ಇತ್ತು."

ಅವಳು ಆ ಸಂಜೆಯ ಬಸ್ಸಿಗೇ ಹೊರಟಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಅತ್ತೆಗೆ ಎದೆ ಗೊರಗೊರ ಎನ್ನತೊಡಗಿತು. ಸಾರೂ ಕಡಿಮೆಯಾಯಿತು, ನಾಲಿಗೆಗೆ ಸೋಕಿಸಿದರೆ ಚೀಪುವಳು, ಅಷ್ಟೇ. ಇನ್ನು ಬಹಳ ದಿನವಿಲ್ಲ ಎಂಬುದು ಕಣ್ಣಿದ್ದವರಿಗೆ ಕಾಣುತ್ತಿತ್ತು. ಮನೆ ಮಾಲೀಕನಿಗೂ ಕಂಡಿತು. ಬಂದು ಹೊಸಿಲ ಹೊರಗೆ ನಿಂತು, "ನೋಡಮ್ಮ, ಬಾಡಿಗೆ ಮನ್ಯಾಗೆ ಹೆಣ ಬಿದ್ರೆ ಆಮೇಲೆ ಯಾರೂ ಬರಾಕಿಲ್ಲ. ಜೀವ ಇದ್ದಾಗ್ಲೇ ಊರಿಗೆ ಕರ್ಕಂಡೋಗ್ರಿ" ಎಂದ. ಕೈ ಮುಗಿದೇ ಹೇಳಿದ. ಕೈ ಮುಗಿದು ಹೊರಗೆ ಹಾಕುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು ಹೆಚ್ಚು.

ಊರು ಎಂದರೆ ಹಟ್ಟಿ. ಮಾವನನ್ನು ಮಣ್ಣು ಮಾಡಿದ್ದು ಅಲ್ಲೇ. ಇಂಟಿಕಿ ಪೋತಾ ಎನ್ನುವುದು ಅದಕ್ಕೇ ಎಂದು ನಾವೆಲ್ಲ ನಂಬಿದ್ದೆವು. ಹಟ್ಟಿಗೆ ಹೇಳಿ ಕಳಿಸಿದೆವು. ಉತ್ತರ ಬಂತು: ಕರೆದುಕೊಂಡು ಬನ್ನಿ, ಆದರೆ ನಾಲಿಗೆ ಸುಡದೆ ಬೇಲಿ ದಾಟಿಸುವುದಿಲ್ಲ.

ಪಕ್ಕದ ಮನೆಯವನು ಒಂದು ಟೆಂಪೊ ತಂದ. ಯಾರದ್ದೋ, ರಿಪೇರಿಗೆ ಬಂದದ್ದು. "ಟ್ರಯಲ್ ನೋಡ್ಬೇಕಲ್ಲ, ಮೊಳಕಾಲ್ಮೂರು ತಂಕ ನೋಡಿದ್ರಾಯ್ತು" ಎಂದ. ಹಿಂದೆ ಕಂಬಳಿ ಹಾಸಿ ಅತ್ತೆಯನ್ನು ಮಲಗಿಸಿ, ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ತಳಕು ಊರು ದಾಟುವವರೆಗೂ ಗಂಡ ರಸ್ತೆ ನೋಡುತ್ತ ಕೂತಿದ್ದ. ಆಮೇಲೆ, "ಒಂದ್ಚೂರು ಮುಟ್ಸಿದ್ರೆ ಮುಗೀತು. ಅವ್ವಂಗೆ ಗೊತ್ತಾಗಾಕಿಲ್ಲ" ಎಂದ.

"ಗೊತ್ತಾಗಾಕಿಲ್ಲ ಅನ್ನಾಕೆ ಅದು ಕೊರಡಾ? ಸೂಜಿ ಚುಚ್ಚಿದಾಗ ಅತ್ಲಲ್ಲ, ಕೇಳ್ಸಲಿಲ್ವಾ?"

ಬೇಲಿಯ ಬಾಯಲ್ಲಿ ಹಟ್ಟಿಯ ಹಿರಿಯ ನಿಂತಿದ್ದ. ಪಕ್ಕದಲ್ಲಿ ನಾದಿನಿ, ಹಿಂದೆ ಹೆಂಗಸರು. ಹಿರಿಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಟೆಂಪೊದ ಒಳಗೆ ಬಗ್ಗಿ ಅತ್ತೆಯನ್ನು ನೋಡಿ ಕಣ್ಣೊರೆಸಿಕೊಂಡ.

"ನಾನ್ ಬಿಟ್ರೆ ಬಿಡಬೋದು ಕಣವ್ವ. ನಾಳೆ ಈಕೇನ ಹೊರಾಕೆ ಹೆಗಲು ಯಾರು ಕೊಡ್ತಾರೆ? ಈಕೆ ನಡೆಸ್ಕಂಡ್ ಬಂದಿರೋ ಕಟ್ಟು ಇದು. ನಾವು ಹೊಸ್ದಾಗಿ ಮಾಡಿದ್ದಲ್ಲ."

ನಾದಿನಿ ಮುಂದೆ ಬಂದಳು. "ಅವ್ವಂಗೆ ಬುದ್ಧಿ ಇದ್ದಿದ್ರೆ ತಾನೇ ನಾಲ್ಗೆ ಚಾಚಿರ್ತಿದ್ಲು."

ಅದು ನಿಜ. ನಾನು ಇಲ್ಲ ಎನ್ನುವುದಿಲ್ಲ, ಆಗಲೂ ಎನ್ನಲಿಲ್ಲ. "ಚಾಚಿರ್ತಿದ್ಲು" ಎಂದೆ. "ಆ ಅವ್ವ ಯಾವತ್ತೋ ಹೋದ್ಲು, ನೀನು ನೋಡಾಕೆ ಬರ್ಲಿಲ್ಲ ಅಷ್ಟೇ. ಇಲ್ಲಿ ಮಲಗಿರೋಳಿಗೆ ಕಟ್ಟು ಗೊತ್ತಿಲ್ಲ, ಕೋಳಿ ಗೊತ್ತಿಲ್ಲ. ಉರಿ ಗೊತ್ತೈತೆ. ಯಾಕ್ ಸುಟ್ರು ಅಂತ ತಿಳೀದೆ ಸಾಯ್ಬೇಕಾ?"

ನಾನು ಹಿರಿಯನನ್ನು ಕೇಳಿದೆ: "ಹಾಲು ಕುಡಿಯೋ ಕೂಸಿನ ಬಾಯಿಗೆ ಯಾರೋ ಕೋಳಿ ತುಂಡು ಇಟ್ರೆ ಯಾರ ನಾಲ್ಗೆ ಸುಡ್ತೀರಿ? ಕೂಸಿಂದಾ?"

"ಥೂ, ಕೂಸಿನ ನಾಲ್ಗೆ ಯಾರಾದ್ರೂ ಸುಡ್ತಾರಾ? ಅವ್ವಂದು."

"ಅವ್ವ ತಿಂದಿರ್ಲಿಲ್ವಲ್ಲ?"

"ತಿನ್ಲಿ ಬಿಡ್ಲಿ. ಕೂಸು ಅವಳ ಕೈಯಾಗಿರ್ತೈತೆ."

"ಹಂಗಾದ್ರೆ ಇವಳು ನನ್ನ ಕೈಯಾಗವ್ಳೆ. ಎತ್ತಿ ಕೂರ್ಸೋಳು ನಾನು, ತೊಳ್ಯೋಳು ನಾನು, ಉಣ್ಸೋಳು ನಾನು. ನನ್ ನಾಲ್ಗೆ ಸುಡ್ರಿ."

ಹಿರಿಯ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ ಬೆಂಕಿ ತರಲು ಹೇಳಿದ. ಚಿನ್ನ ಯಾರು ಕೊಡುತ್ತೀರಿ ಎಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನನ್ನ ತಾಳಿಯ ಗುಂಡು ಬಿಚ್ಚಿ ಕೊಟ್ಟೆ. ಆಗ ಎಲ್ಲರೂ ಅಯ್ಯೋ ಎಂದರು. ಮುದುಕಿಯ ನಾಲಿಗೆ ಸುಡಬೇಕು ಎಂದಾಗ ಬರದ ಅಯ್ಯೋ ತಾಳಿ ಬಿಚ್ಚಿದಾಗ ಬಂತು. ನನ್ನ ಗಂಡ ನೆಲ ನೋಡುತ್ತಿದ್ದ. ತಾಯಿ ಅವನದು, ಹಟ್ಟಿ ಅವನದು, ನಾಲಿಗೆ ಮಾತ್ರ ನನ್ನದು.

ಇಕ್ಕಳದಲ್ಲಿ ಗುಂಡು ಕೆಂಪಾಯಿತು. ಹಿರಿಯ ಮುಖ ಆಚೆ ತಿರುಗಿಸಿಕೊಂಡು ಮುಟ್ಟಿಸಿದ, ಅದಕ್ಕೇ ಸ್ವಲ್ಪ ಹೆಚ್ಚೇ ತಾಗಿತು. ನೋವಿನ ಬಗ್ಗೆ ಬರೆಯುವುದೇನಿಲ್ಲ. ಹೆರಿಗೆಗೆ ಹೋಲಿಸಿದರೆ ಏನೂ ಅಲ್ಲ.

ಟೆಂಪೊದವನು ಬೇಲಿಯ ಹೊರಗೇ ನಿಂತಿದ್ದ. ಅಷ್ಟು ದೂರದಿಂದ ಕರೆತಂದವನಿಗೆ ಒಂದು ಲೋಟ ನೀರು ಯಾರೂ ಕೊಡಲಿಲ್ಲ. ನನ್ನ ಬಾಯಿ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಅದನ್ನೂ ಕೇಳುತ್ತಿದ್ದೆ.

ಅತ್ತೆಯನ್ನು ಒಳಗೆ ಹೊತ್ತುಕೊಂಡು ಹೋಗಿ, ಆಕೆ ಮದುವೆಯಾಗಿ ಬಂದಿದ್ದ ಮನೆಯ ಪಡಸಾಲೆಯಲ್ಲಿ ಮಲಗಿಸಿದರು. ಈಗ ಎಲ್ಲರಿಗೂ ಪ್ರೀತಿ ಉಕ್ಕಿತು. ಒಬ್ಬಳು ಕಾಲು ಒತ್ತಿದಳು, ಒಬ್ಬಳು ಗಾಳಿ ಹಾಕಿದಳು. ನಾದಿನಿ ಬೆಳ್ಳನೆಯ ಬಟ್ಟಲಲ್ಲಿ ರಾಗಿ ಗಂಜಿ ತಂದು ಪಕ್ಕ ಕೂತಳು.

"ಅವ್ವಾ, ನಮ್ಮನೆಗೆ ಬಂದ್ಯವ್ವಾ. ನೋಡು, ನಿನ್ ಮನೆ."

ಅತ್ತೆ ಕಣ್ಣು ತೆರೆದು ಛಾವಣಿ ನೋಡಿದಳು, ಗೋಡೆ ನೋಡಿದಳು, ಮಗಳನ್ನು ನೋಡಿದಳು.

"ಇಂಟಿಕಿ ಪೋತಾ."

"ಇದೇ ಮನೆ ಕಣವ್ವಾ!"

"ಇಂಟಿಕಿ ಪೋತಾ. ನಾಯನ ಕಾಸ್ಕೊನುಂಟಾಡು."

ಅಪ್ಪ ಕಾಯ್ತಿರ್ತಾನೆ ಎಂದಳು. ಆಕೆಗೆ ಬೇಕಿದ್ದ ಮನೆ ಗಡಿಯಾಚೆಯದು, ಮದುವೆಗೆ ಮೊದಲಿನದು. ಹಟ್ಟಿ ಆಕೆಯ ಲೆಕ್ಕದಲ್ಲೇ ಇರಲಿಲ್ಲ. ಇಷ್ಟು ಜನ ಬೇಲಿಯ ಬಾಯಲ್ಲಿ ಕಾದು, ಬೆಂಕಿ ಹಾಕಿ, ಯಾವ ಮನೆಗೆ ಬಿಡಬೇಕೋ ಬೇಡವೋ ಎಂದು ಜಗಳಾಡಿದ್ದೆವೋ, ಅದು ಆಕೆಗೆ ದಾರಿಯಲ್ಲಿ ಸಿಕ್ಕ ಛತ್ರ. ನನಗೆ ನಗು ಬಂತು. ನಾಲಿಗೆ ನೋಯುತ್ತಿದ್ದರಿಂದ ಮೂಗಿನಲ್ಲೇ ನಕ್ಕೆ. ನಾದಿನಿ ಅದನ್ನೂ ಇವತ್ತಿನವರೆಗೆ ಮರೆತಿಲ್ಲ.

ಗಂಜಿಗೆ ಅತ್ತೆ ಹಲ್ಲು ಕಚ್ಚಿದಳು. ನಾದಿನಿ ಎರಡು ಬೆರಳಿನಿಂದ ಬಾಯಿ ಅಗಲಿಸಲು ಹೋದಾಗ ನಾನು ಅವಳ ಕೈಯನ್ನು ಹಿಡಿದು ತೆಗೆದೆ. ಆಮೇಲೆ ಯಾರೂ ಬಲವಂತ ಮಾಡದ ಹಾಗೆ ತಲೆಯ ಹತ್ತಿರವೇ ಕೂತೆ. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ, ಮಗ್ಗುಲು ಬದಲಿಸಿದೆ. ಅಷ್ಟು ಬಿಟ್ಟರೆ ಮಾಡುವುದಕ್ಕೆ ಏನೂ ಇರಲಿಲ್ಲ. ಆಕೆ ಆಗಾಗ ಬಾಯಿ ತೆರೆದು ನನ್ನ ಕಡೆ ನೋಡುತ್ತಿದ್ದಳು, ಚಮಚಕ್ಕೆ ನೋಡಿದ ಹಾಗೆ. ಆ ಬೇಲಿಯೊಳಗೆ ಚಮಚದಲ್ಲಿ ಹಾಕುವುದಕ್ಕೆ ನನ್ನ ಬಳಿ ಏನಿತ್ತು? ನನ್ನ ಸಿಟ್ಟು ಇರುವುದು ಇದಕ್ಕೆ. ನಾಲಿಗೆಗೆ ಅಲ್ಲ.

ವಾರ ಕಳೆಯುವ ಮೊದಲೇ ಹೋದಳು. ಸಾರು ಕೊಟ್ಟಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಸಾಯುವ ಕಾಲ ಬಂದಿತ್ತು, ಸತ್ತಳು. ಆಸೆಪಟ್ಟ ಒಂದು ಗುಟುಕು ಸಿಕ್ಕಿ ಸಾಯಬಹುದಿತ್ತು, ಅಷ್ಟೇ. ಹೆಗಲು ಕೊಡಲು ಬಹಳ ಜನ ಬಂದರು. ತಿಥಿಯ ದಿನ ಕುರಿ ಕೊಯ್ದರು. ಉಂಡು ಕೈ ತೊಳೆಯುವಾಗ, ಮಗಳು ಕೊನೆಗಾಲದಲ್ಲಿ ಎಷ್ಟು ಚೆನ್ನಾಗಿ ನೋಡಿಕೊಂಡಳು ಎಂದು ಹೊಗಳಿದರು.

ಚಳ್ಳಕೆರೆಗೆ ವಾಪಸಾದ ಸಂಜೆ ಪಕ್ಕದ ಮನೆಗೆ ಹೋದೆ. ಅವಳು ಒಲೆ ಮುಂದೆ ಇದ್ದಳು. ನನ್ನನ್ನು ನೋಡಿ ಅಳಲು ಶುರು ಮಾಡಿದಳು. ಅವಳದು ಹಾಗೆಯೇ, ಕಣ್ಣೀರು ಹತ್ತಿರ. ನಾಲಿಗೆಯ ವಿಷಯ ತನ್ನ ಗಂಡನಿಂದ ಅವಳಿಗೆ ತಿಳಿದಿತ್ತು.

"ನನ್ನಿಂದ ಆಯ್ತಲ್ಲಕ್ಕಾ. ತಿನ್ನದೋಳು ನೀನು ಸುಡ್ಸಿಕೊಂಡೆ."

"ಅದುಕ್ಕೇ ಬಂದೀನಿ. ಪಾತ್ರೇಲಿ ಏನೈತೆ?"

ಅವಳು ಮುಚ್ಚಳ ತೆಗೆಯಲಿಲ್ಲ. ನಾನೇ ತೆಗೆದು, ಲೋಟಕ್ಕೆ ಬಗ್ಗಿಸಿಕೊಂಡು, ಗೋಡೆಗೆ ಒರಗಿ ಕೂತು ಕುಡಿದೆ. ದಂಡ ಮೊದಲೇ ಕಟ್ಟಿದ್ದೆ, ಇನ್ನು ತಪ್ಪು ಮಾಡುವುದಷ್ಟೇ ಬಾಕಿ ಇತ್ತು. ಇದು ಮಾತ್ರ ಹಟ್ಟಿಯಲ್ಲಿ ಇವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತಲ್ಲ, ಹೇಳಿಕೊಳ್ಳಲಿ.

ಅತ್ತೆ ಅಷ್ಟೊಂದು ಬಾಯಿ ತೆರೆದದ್ದು ಯಾವ ರುಚಿಗೆ ಎಂದು ತಿಳಿಯಬೇಕಿತ್ತು. ತಿಳಿಯಲಿಲ್ಲ. ನಾಲಿಗೆ ಇನ್ನೂ ಮಾಗಿರಲಿಲ್ಲ.